ಹೊರೆ ಯಾರದು, ಯಾತ್ರೆ ಯಾರದು?

೧

ಮನುಷ್ಯನು ತಾನು ಮಾಡಿದೆನೆಂದು ಹೇಳಿಕೊಳ್ಳುವ ಕೆಲಸದಲ್ಲಿ ನಿಜವಾಗಿ ಅವನದೆನ್ನಬಹುದಾದ ಪಾಲು ಎಷ್ಟು? ಈ ಪ್ರಶ್ನೆಯು ಹಳೆಯದು. ಯುದ್ಧವನ್ನು ಗೆದ್ದವನು ಸೇನಾಪತಿಯೋ ಕಾಲಾಳೋ, ದೇವಾಲಯವನ್ನು ಕಟ್ಟಿದವನು ಅರಸನೋ ಕಲ್ಲುಕುಟಿಗನೋ ಎಂದು ಜನರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಆದರೆ ದೊಡ್ಡ ಕೆಲಸಗಳಲ್ಲಿ ಕೀರ್ತಿಯ ಧೂಳು ಎದ್ದು ಪ್ರಶ್ನೆಯನ್ನೇ ಮುಸುಕಿಬಿಡುತ್ತದೆ. ಚಿಕ್ಕ ಕೆಲಸದಲ್ಲಿ, ಅದರಲ್ಲಿಯೂ ವಿನೋದಕ್ಕಾಗಿ ಕೈಕೊಂಡ ಕೆಲಸದಲ್ಲಿ, ಅದನ್ನು ಬಿಡಿಸಿ ನೋಡುವುದು ಸುಲಭ. ಅಂಥದೊಂದು ಕೆಲಸವೆಂದರೆ ಸೈಕಲ್ಲಿನ ಮೇಲೆ ಹಲವು ದಿನ ಮಾಡುವ ಸಾಮೂಹಿಕ ಪ್ರವಾಸ.

ಆಸ್ಟ್ರೇಲಿಯ ಖಂಡದ ಆಗ್ನೇಯ ಮೂಲೆಯಲ್ಲಿ ವಿಕ್ಟೋರಿಯ ಎಂಬ ರಾಜ್ಯವಿದೆ. ಅದರ ದಕ್ಷಿಣದ ಕಡಲಕರೆಯನ್ನು ಹಿಡಿದು, ಟಾರ್ಕೀ ಎಂಬ ಊರಿನಿಂದ ಪಶ್ಚಿಮಕ್ಕೆ ಅಲನ್ಸ್‌ಫರ್ಡಿನ ವರೆಗೆ, ಸುಮಾರು ೨೪೦ ಕಿಲೋಮೀಟರು ಉದ್ದದ ಒಂದು ರಸ್ತೆ ಹೋಗುತ್ತದೆ. ಅದಕ್ಕೆ ಗ್ರೇಟ್ ಓಷನ್ ರೋಡ್ ಎಂದು ಹೆಸರು. ಪೂರ್ವದಿಂದ ಹೊರಟವನಿಗೆ ಮೊದಲು ಮರಳಿನ ದಂಡೆಗಳು ಕಾಣುವುವು. ಲಾರ್ನ್ ಎಂಬ ಊರನ್ನು ದಾಟಿದ ಮೇಲೆ ರಸ್ತೆಯು ಬಂಡೆಯ ಮಗ್ಗುಲನ್ನು ಕಡಿದು ಮಾಡಿದ ಕಿರುಮೆಟ್ಟಿಲಿನಂತೆ ಸಾಗುತ್ತದೆ. ಬಲಗಡೆಗೆ ಗೋಡೆಯಂತೆ ನಿಂತ ಬೆಟ್ಟ, ಎಡಗಡೆಗೆ ಕೆಳಗೆ ಮೊರೆಯುವ ಸಮುದ್ರ. ಅಪೊಲೊ ಬೇ ಊರಿನ ಆಚೆಗೆ ದಾರಿಯು ಕಡಲನ್ನು ಬಿಟ್ಟು ಆಟ್ವೇ ಕಾಡಿನೊಳಕ್ಕೆ ತಿರುಗಿ, ಮುಗಿಲು ಮುಟ್ಟುವ ಮರಗಳ ಮತ್ತು ಆಳೆತ್ತರದ ಜರಿಗಿಡಗಳ ನಡುವೆ ಲ್ಯಾವರ್ಸ್ ಹಿಲ್ ಎಂಬ ನೆತ್ತಿಗೆ ಏರುತ್ತದೆ. ಅಲ್ಲಿಂದ ಇಳಿದರೆ ಮತ್ತೆ ಕಡಲು. ಪೋರ್ಟ್ ಕ್ಯಾಂಪ್‌ಬೆಲ್ಲಿನ ಸಮೀಪದಲ್ಲಿ ಸುಣ್ಣಕಲ್ಲಿನ ಕಂಬಗಳು ನೀರಿನಲ್ಲಿ ಒಂಟೊಂಟಿಯಾಗಿ ನಿಂತಿವೆ. ಇವಕ್ಕೆ ಹನ್ನೆರಡು ಶಿಷ್ಯರೆಂಬ ಅರ್ಥದ ಹೆಸರನ್ನು ಇಟ್ಟಿದ್ದಾರೆ; ಆದರೆ ಅವು ಹನ್ನೆರಡು ಎಂದೂ ಇರಲಿಲ್ಲ.

ಆ ರಾಜ್ಯದಲ್ಲಿ ೧೯೮೪ರಲ್ಲಿ ಗ್ರೇಟ್ ವಿಕ್ಟೋರಿಯನ್ ಬೈಕ್ ರೈಡ್ ಎಂಬ ಸಾಮೂಹಿಕ ಸೈಕಲ್ ಪ್ರವಾಸವು ಆರಂಭವಾಯಿತು. ಅದರ ದಾರಿಯು ವರ್ಷವರ್ಷಕ್ಕೆ ಬದಲಾಗುತ್ತಿತ್ತು. ಹಲವು ಸಲ ಅದು ಈ ಕಡಲದಾರಿಯ ಮೇಲೆ ಹಾಯ್ದಿದೆ. ೨೦೦೪ರಲ್ಲಿ ಹಾಗೆ ಹಾಯ್ದಾಗ ೮,೦೦೦ಕ್ಕೂ ಮಿಕ್ಕಿದ ಸವಾರರು ಸೇರಿದ್ದರು. ಶಾಲೆಯ ಮಕ್ಕಳು, ಅವರ ಉಪಾಧ್ಯಾಯರು, ಸಂಸಾರಸ್ಥರು, ಅರುವತ್ತು ದಾಟಿದ ಹಿರಿಯರು, ಎಲ್ಲರೂ ಇಂಥ ಕೂಟದಲ್ಲಿ ಇರುತ್ತಾರೆ.

ಪ್ರವಾಸದ ಕ್ರಮ ಹೀಗೆ. ಬೆಳಿಗ್ಗೆ ಸವಾರನು ಡೇರೆಯನ್ನು ಬಿಚ್ಚಿ, ಹಾಸಿಗೆ ಬಟ್ಟೆಗಳೊಡನೆ ಚೀಲದಲ್ಲಿ ತುಂಬಿ ಲಾರಿಯ ಬಳಿ ಇಡುತ್ತಾನೆ. ಲಾರಿಯು ಆ ಚೀಲವನ್ನು ಮುಂದಿನ ಬೀಡಿಗೆ ಒಯ್ಯುತ್ತದೆ. ಸವಾರನು ನೀರಿನ ಸೀಸೆಯನ್ನೂ ಮಳೆಯಂಗಿಯನ್ನೂ ಮಾತ್ರ ಇಟ್ಟುಕೊಂಡು ಪೆಡಲು ತುಳಿಯುತ್ತಾನೆ. ದಾರಿಯಲ್ಲಿ ಊಟದ ತಾಣವಿದೆ, ನೀರಿನ ತಾಣವಿದೆ. ಟ್ಯೂಬಿಗೆ ಪಂಚರಾದರೆ, ಚೈನು ಕಡಿದರೆ, ಸರಿಮಾಡಿಕೊಡುವ ಕಸಬುದಾರನಿದ್ದಾನೆ. ಕಾಲು ಸೋತವನನ್ನು ಸೈಕಲ್ಲಿನ ಸಮೇತ ಎತ್ತಿಕೊಂಡು ಹೋಗಲು ಎಲ್ಲರ ಹಿಂದೆ ಒಂದು ಬಂಡಿ ಬರುತ್ತದೆ. ಸಂಜೆ ಬೀಡಿಗೆ ಸೇರಿದಾಗ ಸ್ನಾನಕ್ಕೆ ಬಿಸಿನೀರೂ ಊಟಕ್ಕೆ ಅಡಿಗೆಯೂ ಸಿದ್ಧವಾಗಿರುತ್ತವೆ. ಹೀಗೆ ದಿನಕ್ಕೆ ಐವತ್ತೋ ಎಂಬತ್ತೋ ಕಿಲೋಮೀಟರಿನಂತೆ ಹಲವು ದಿನ ನಡೆದು ಪ್ರವಾಸ ಮುಗಿಯುತ್ತದೆ. ಸವಾರನು ಮನೆಗೆ ಬಂದು, ತಾನು ಕಡಲಕರೆಯನ್ನು ಸೈಕಲ್ಲಿನಲ್ಲಿ ದಾಟಿದೆನೆಂದು ನೆರೆಹೊರೆಯವರಿಗೆ ಹೇಳುತ್ತಾನೆ.

ಆಗ ನೆರೆಯವರಲ್ಲಿ ಒಬ್ಬನು ನಕ್ಕು ಕೇಳಬಹುದು: “ಗಂಟನ್ನು ಹೊತ್ತದ್ದು ಲಾರಿ. ಅಡಿಗೆ ಮಾಡಿದ್ದು ಬೇರೆಯವರು. ಕೆಟ್ಟದ್ದನ್ನು ತಿದ್ದಿದ್ದು ಇನ್ನೊಬ್ಬರು. ಸೋತರೆ ಎತ್ತಿಕೊಳ್ಳಲು ಬಂಡಿ ಬೇರೆ. ಇಷ್ಟೆಲ್ಲ ಇದ್ದ ಮೇಲೆ ದಾಟಿದ್ದು ನೀನು ಹೇಗಾದೀಯೆ?” ಮಾತು ಹಾಸ್ಯದ್ದಾದರೂ ಪ್ರಶ್ನೆ ಹಾಸ್ಯದ್ದಲ್ಲ. ಅದಕ್ಕೆ ಕೊಡುವ ಉತ್ತರವು ಸೈಕಲ್ಲಿಗೆ ಮಾತ್ರ ಸಂಬಂಧಿಸಿದುದಾಗಿ ಉಳಿಯುವುದಿಲ್ಲ. ಓದು, ಉದ್ಯೋಗ, ಸಂಸಾರ, ಸಂಪತ್ತು, ಇವುಗಳಲ್ಲಿ ‘ಇದು ನನ್ನ ಸ್ವಂತ ಗಳಿಕೆ’ ಎಂದು ಹೇಳುವ ಪ್ರತಿಯೊಬ್ಬನಿಗೂ ಅದು ತಗಲುತ್ತದೆ.

೨

ನೆರೆಯವನ ಪಕ್ಷವನ್ನು ಮೊದಲು ವಿಚಾರಿಸಬೇಕು. ಅವನ ದೃಷ್ಟಿಯಲ್ಲಿ ತನ್ನ ಹೊರೆಯನ್ನು ತಾನೇ ಹೊತ್ತವನದು ಮಾತ್ರ ನಿಜವಾದ ಯಾತ್ರೆ. ಈ ಮಾತಿಗೆ ಹಿಂದಿನವರ ಸಮ್ಮತಿಯೂ ಉಂಟು. ತೀರ್ಥಯಾತ್ರೆಗೆ ವಾಹನದಲ್ಲಿ ಹೋದವನಿಗೆ ಫಲವು ಕಡಿಮೆಯೆಂದು ಶಾಸ್ತ್ರಕಾರರು ಹೇಳಿದ್ದಾರೆ. ಶಬರಿಮಲೆಗೆ ಹೋಗುವ ವ್ರತಧಾರಿಯು ತನ್ನ ಇರುಮುಡಿಯನ್ನು ತಾನೇ ತಲೆಯ ಮೇಲೆ ಹೊರುತ್ತಾನೆ; ಹಣ ಕೊಟ್ಟು ಅದನ್ನು ಆಳಿನ ತಲೆಗೆ ಏರಿಸಿದರೆ ವ್ರತಕ್ಕೆ ಅರ್ಥವೇ ಉಳಿಯದು. ಸ್ವಾವಲಂಬನೆಯನ್ನು ಕೊಂಡಾಡುವ ಈ ದೃಷ್ಟಿಯಲ್ಲಿ ಗೌರವಕ್ಕೆ ಯೋಗ್ಯವಾದ ಅಂಶವಿದೆ. ಸೈಕಲ್ಲಿನವರಲ್ಲಿಯೂ ಡೇರೆ, ಒಲೆ, ಅಕ್ಕಿಬೇಳೆಗಳನ್ನೆಲ್ಲ ಹಿಂಬದಿಯ ಚೀಲಗಳಲ್ಲಿ ಕಟ್ಟಿಕೊಂಡು ಯಾರ ಹಂಗೂ ಇಲ್ಲದೆ ಹೋಗುವವರು ಇದ್ದಾರೆ. ಲಾರಿಯನ್ನು ನಂಬಿದವನಿಗಿಂತ ಅವರು ಹೆಚ್ಚು ಶ್ರಮಪಡುವರೆಂಬುದರಲ್ಲಿ ಸಂದೇಹವಿಲ್ಲ.

ಆದರೆ ‘ಯಾರ ಹಂಗೂ ಇಲ್ಲದೆ’ ಎಂಬ ಮಾತನ್ನು ಒರೆಗೆ ಹಚ್ಚಿ ನೋಡಬೇಕು. ಹಂಗಿಲ್ಲದ ಸವಾರನು ಏರಿ ಕುಳಿತ ಸೈಕಲ್ಲೇ ಒಂದು ದೊಡ್ಡ ನೆರವು. ನಡೆಯುವವನು ಪಡುವ ಶ್ರಮದಿಂದಲೇ ಅದು ಅವನನ್ನು ಮೂರು ನಾಲ್ಕು ಪಾಲು ದೂರಕ್ಕೆ ಒಯ್ಯುತ್ತದೆ. ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದವನು ಬೆಲ್ಫಾಸ್ಟಿನ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್. ತನ್ನ ಮಗನ ಮೂರು ಚಕ್ರದ ಗಾಡಿಗೆಂದು ಅವನು ಅದನ್ನು ಮಾಡಿ, ೧೮೮೮ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಇಂದಿನ ಸವಾರನು ಆ ತಂದೆಯ ವಾತ್ಸಲ್ಯದ ಮೇಲೆ ಕುಳಿತು ಸಾಗುತ್ತಾನೆಂದರೆ ತಪ್ಪಾಗದು. ಚೀಲದೊಳಗಿನ ಅಕ್ಕಿಯನ್ನು ಬೆಳೆದವನು ಯಾರೋ, ಒಲೆಯ ಎಣ್ಣೆಯನ್ನು ತೆಗೆದವನು ಯಾರೋ, ದಾರಿಯ ನಕ್ಷೆಯನ್ನು ಬರೆದವನು ಯಾರೋ. ಲಾರಿ ಮಾತ್ರ ಇಲ್ಲ. ಉಳಿದ ನೆರವುಗಳೆಲ್ಲ ಇದ್ದೇ ಇವೆ. ಆದುದರಿಂದ ನೆರವು ಪಡೆದವನಿಗೂ ಪಡೆಯದವನಿಗೂ ಇರುವ ಭೇದವು ಕಣ್ಣಿಗೆ ಕಾಣುವ ನೆರವಿಗೂ ಕಾಣದ ನೆರವಿಗೂ ಇರುವ ಭೇದವೇ ಹೊರತು ಬೇರೆಯಲ್ಲ.

ಕಾಣದ ನೆರವುಗಳಲ್ಲೆಲ್ಲ ದೊಡ್ಡದು ಆ ರಸ್ತೆ. ಅದು ತಾನಾಗಿ ಹುಟ್ಟಿದುದಲ್ಲ. ಮೊದಲನೆಯ ಮಹಾಯುದ್ಧವು ಮುಗಿದಾಗ ಆಸ್ಟ್ರೇಲಿಯದ ಸುಮಾರು ೬೦,೦೦೦ ಮಂದಿ ಮಡಿದಿದ್ದರು. ಬದುಕಿ ಹಿಂದಿರುಗಿದವರಿಗೆ ಕೆಲಸ ಬೇಕಾಗಿತ್ತು; ಸತ್ತವರಿಗೆ ಸ್ಮಾರಕ ಬೇಕಾಗಿತ್ತು. ಎರಡನ್ನೂ ಒಂದೇ ಕೆಲಸದಿಂದ ಸಾಧಿಸುವ ಉದ್ದೇಶದಿಂದ ಈ ರಸ್ತೆಯನ್ನು ಯೋಚಿಸಿದರು. ಜೀಲಾಂಗ್ ನಗರದ ಮೇಯರಾಗಿದ್ದ ಹೋವರ್ಡ್ ಹಿಚ್‌ಕಾಕನು ಇದಕ್ಕಾಗಿ ಒಂದು ಟ್ರಸ್ಟನ್ನು ನಡೆಯಿಸಿ, ಸ್ವಂತ ಹಣದಿಂದ ೩,೦೦೦ ಪೌಂಡನ್ನು ಕೊಟ್ಟನು. ೧೯೧೯ರಲ್ಲಿ ಕೆಲಸ ಆರಂಭವಾಯಿತು. ಯುದ್ಧದಿಂದ ಮರಳಿದ ಸುಮಾರು ೩,೦೦೦ ಸೈನಿಕರು ಗುದ್ದಲಿ, ಪಿಕಾಸಿ, ಸಲಿಕೆ, ಒಂಟಿಗಾಲಿಯ ಕೈಗಾಡಿ, ಸಿಡಿಮದ್ದು ಇವುಗಳಿಂದ ಬೆಟ್ಟದ ಮಗ್ಗುಲನ್ನು ಕಡಿದರು. ದಿನಕ್ಕೆ ಎಂಟು ಗಂಟೆಯ ದುಡಿಮೆ. ಕೂಲಿ ಹತ್ತು ಷಿಲ್ಲಿಂಗು ಆರು ಪೆನ್ಸು. ವಾಸ ಡೇರೆಗಳಲ್ಲಿ. ಕಡಿದಾದ ಕರೆಯಲ್ಲಿ ಕೆಲಸ ಮಾಡುತ್ತ ಕೆಲವರು ಸತ್ತರು. ಹದಿಮೂರು ವರ್ಷದ ಮೇಲೆ, ೧೯೩೨ರ ನವೆಂಬರಿನಲ್ಲಿ, ರಸ್ತೆಯು ಸಂಪೂರ್ಣವಾಗಿ ತೆರೆಯಿತು. ಅದನ್ನು ನೋಡಲು ಹಿಚ್‌ಕಾಕನು ಇರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡಿದ್ದನು. ತೆರವಿನ ಮೆರವಣಿಗೆಯಲ್ಲಿ ಗವರ್ನರರ ಮೋಟಾರಿನ ಹಿಂದೆ ಅವನ ಮೋಟಾರನ್ನು ನಡೆಯಿಸಿಕೊಂಡು ಹೋದರು.

ಹೀಗಿರಲು, ಲಾರಿಯಿಲ್ಲದ ಸವಾರನೂ ಮೂರು ಸಾವಿರ ಜನರ ತೋಳುಗಳ ಮೇಲೆ ಹಾಯುತ್ತಾನೆ. ರಸ್ತೆಗಿಂತ ಬಹು ಹಿಂದೆ ಗಡುಬನುಡ್ ಎಂಬ ಮೂಲನಿವಾಸಿಗಳು ಆ ಕಾಡಿನಲ್ಲಿಯೂ ಕರೆಯಲ್ಲಿಯೂ ಬಾಳಿದ್ದರು; ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ನೆಲಸಿದ ಬಿಳಿಯರು ಅವರ ನೆಲವನ್ನು ಅವರಿಂದ ಕೇಳಿ ಪಡೆಯಲಿಲ್ಲ. ಆ ಋಣವೂ ಚಕ್ರದ ಕೆಳಗೆ ಇದೆ. ‘ನಾನೊಬ್ಬನೇ ಮಾಡಿದೆನು’ ಎಂಬ ಮಾತು ಲಾರಿಯವನ ಬಾಯಲ್ಲಿ ಎಷ್ಟು ಸುಳ್ಳೋ ಲಾರಿಯಿಲ್ಲದವನ ಬಾಯಲ್ಲಿಯೂ ಅಷ್ಟೇ ಸುಳ್ಳು. ನೆರೆಯವನ ವಾದವು ನಿಲ್ಲುವುದಿಲ್ಲ.

೩

ಆದರೆ ಅದು ಬಿದ್ದ ಕೂಡಲೆ ಅದರ ಎದುರಿನ ತುದಿಯಿಂದ ಇನ್ನೊಂದು ವಾದ ಏಳುತ್ತದೆ. ಎಲ್ಲವೂ ಪರರ ನೆರವೇ ಆದರೆ ಸವಾರನ ಪಾಲು ಎಲ್ಲಿ ಉಳಿಯಿತು? ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತವನೂ ಅದೇ ರಸ್ತೆಯಲ್ಲಿ ಅದೇ ಊರಿಗೆ ಬಂದನು. ಇಬ್ಬರೂ ಹಂಗಿನವರೇ ಆದ ಮೇಲೆ ಇಬ್ಬರಲ್ಲಿ ಭೇದವೇನು? ಹೀಗೆ ಕೇಳುವವರು ವಿನಯದ ವೇಷದಲ್ಲಿ ಬರುತ್ತಾರೆ. ಆದರೆ ಈ ವಾದವನ್ನು ಒಪ್ಪಿದರೆ ಶ್ರಮಪಟ್ಟವನಿಗೂ ಪಡದವನಿಗೂ ಅಂತರವಿಲ್ಲದಂತಾಗಿ, ಸೋಮಾರಿತನಕ್ಕೆ ತತ್ತ್ವದ ಹೊದಿಕೆ ಸಿಕ್ಕಿದಂತಾಗುವುದು.

ಇದಕ್ಕೆ ಲ್ಯಾವರ್ಸ್ ಹಿಲ್ಲಿನ ಏರು ಉತ್ತರ ಕೊಡುತ್ತದೆ. ಆ ಏರಿನಲ್ಲಿ ಸವಾರನ ಚೀಲವನ್ನು ಲಾರಿ ಹೊರಬಲ್ಲುದು. ಅವನ ಉಸಿರನ್ನು ಹೊರಲಾರದು. ಅಡಿಗೆಯವನು ಅನ್ನವನ್ನು ಬೇಯಿಸಬಲ್ಲನು. ಆ ಅನ್ನವನ್ನು ಸವಾರನ ಕಾಲಿನಲ್ಲಿ ಬಲವಾಗಿ ಮಾಡಲಾರನು. ಚೈನನ್ನು ಸರಿಮಾಡುವವನು ಸೈಕಲ್ಲನ್ನು ತಿದ್ದಬಲ್ಲನು. ಅರ್ಧ ಏರಿನಲ್ಲಿ ‘ಇನ್ನು ಸಾಕು’ ಎನ್ನುವ ಮನಸ್ಸನ್ನು ತಿದ್ದಲಾರನು. ನೆರವುಗಳು ಎಷ್ಟು ಹತ್ತಿರಕ್ಕೆ ಬಂದರೂ ಒಂದು ಗೆರೆಯ ಹತ್ತಿರ ನಿಂತುಬಿಡುತ್ತವೆ. ಆ ಗೆರೆಯಿಂದ ಒಳಕ್ಕೆ ಇರುವುದು ಪರರಿಗೆ ವಹಿಸಲಾಗದ ಪಾಲು. ಹಸಿದವನ ಪರವಾಗಿ ಇನ್ನೊಬ್ಬನು ಉಣ್ಣಲಾಗದು. ವಿದ್ಯಾರ್ಥಿಯ ಪರವಾಗಿ ಗುರುವು ಕಲಿಯಲಾಗದು. ದುಃಖಿಯ ಪರವಾಗಿ ಬಂಧುಗಳು ಅಳಬಹುದಾದರೂ ಅವನ ದುಃಖವನ್ನು ಅವರು ಅನುಭವಿಸಿ ಮುಗಿಸಲಾಗದು. ಶಬರಿಮಲೆಯ ವ್ರತಧಾರಿಯು ಇರುಮುಡಿಯನ್ನು ತಾನೇ ಹೊರುವುದರ ಮರ್ಮವೂ ಇದೇ ಇರಬೇಕು. ಆ ಗಂಟಿನ ತೂಕ ದೊಡ್ಡದಲ್ಲ. ಪರರಿಗೆ ವಹಿಸಲಾಗದ ಪಾಲೊಂದಿದೆ ಎಂಬುದಕ್ಕೆ ಅದು ತಲೆಯ ಮೇಲಿಟ್ಟ ಗುರುತು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವ ಕರ್ಮಕ್ಕೇ ಆಗಲಿ ಐದು ಕಾರಣಗಳನ್ನು ಎಣಿಸಿದ್ದಾರೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಹೀಗಿರುವಾಗ ತಾನೊಬ್ಬನೇ ಕರ್ತೃವೆಂದು ಕಾಣುವವನು ಸರಿಯಾಗಿ ಕಾಣಲಿಲ್ಲವೆಂದು ಅಲ್ಲಿಯ ತೀರ್ಪು. ಈ ಎಣಿಕೆಯನ್ನು ಸಾಮಾನ್ಯವಾಗಿ ಅಹಂಕಾರವನ್ನು ಮುರಿಯುವುದಕ್ಕೆ ಉಪಯೋಗಿಸುವುದುಂಟು. ಅದು ಸರಿಯೇ. ಆದರೆ ಎಣಿಕೆಯ ಇನ್ನೊಂದು ಮುಖವನ್ನೂ ಗಮನಿಸಬೇಕು. ಐದರಲ್ಲಿ ಕರ್ತೃವನ್ನು ಬಿಟ್ಟಿಲ್ಲ. ಅವನು ಒಬ್ಬನೇ ಅಲ್ಲ, ಆದರೂ ಒಬ್ಬನು ಹೌದು. ಶರೀರವು ನೆಲೆಯಾಗಿ, ಸೈಕಲ್ಲು ಕರಣಗಳಿಗೆ ಸೇರಿದ ಸಾಧನವಾಗಿ, ಕಾಲಿನ ತುಳಿತವು ಚೇಷ್ಟೆಯಾಗಿ, ದಕ್ಷಿಣದ ಕಡಲಿನಿಂದ ಬೀಸುವ ಗಾಳಿಯು ದೈವವಾಗಿ ಕೂಡಿದರೂ, ಹೊರಟವನಿಲ್ಲದೆ ಯಾತ್ರೆಯಿಲ್ಲ. ‘ಎಲ್ಲ ನನ್ನದು’ ಎಂಬುದು ಹೇಗೆ ಅಸತ್ಯವೋ ‘ನನ್ನದೇನೂ ಇಲ್ಲ’ ಎಂಬುದೂ ಹಾಗೆಯೇ ಅಸತ್ಯ. ಮೊದಲನೆಯದು ಅಹಂಕಾರ, ಎರಡನೆಯದು ಹೊಣೆಯಿಂದ ತಪ್ಪಿಸಿಕೊಳ್ಳುವ ಉಪಾಯ.

೪

ಇಲ್ಲಿಗೆ ವಿಚಾರವು ಮುಗಿಯಿತೆನ್ನುವಂತಿಲ್ಲ. ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದು ಉಳಿದಿದೆ. ಸವಾರನು ಪಡುವ ಕಷ್ಟವು ಅವನು ಆರಿಸಿಕೊಂಡದ್ದು. ಅವನು ಅದಕ್ಕಾಗಿ ಶುಲ್ಕ ತೆತ್ತಿದ್ದಾನೆ. ಬೇಡವೆನಿಸಿದರೆ ಹಿಂದಿನ ಬಂಡಿಯನ್ನು ಹತ್ತಬಹುದು. ಆ ಬಂಡೆಗಳನ್ನು ಕಡಿದ ಸೈನಿಕನಿಗೆ ಬಂಡಿ ಇರಲಿಲ್ಲ. ದಿನದ ಕೂಲಿಯಿಂದ ಅವನ ಮನೆಯವರು ಉಣ್ಣಬೇಕಾಗಿತ್ತು. ಒಬ್ಬನು ಅನ್ನಕ್ಕಾಗಿ ಪಟ್ಟ ಶ್ರಮವನ್ನು ಇನ್ನೊಬ್ಬನು ಅದೇ ಸ್ಥಳದಲ್ಲಿ ವಿನೋದಕ್ಕಾಗಿ ಪಡುವುದು ಆ ಮೊದಲಿನವನನ್ನು ಅಣಕಿಸಿದಂತೆ ಆಗುವುದಿಲ್ಲವೆ?

ಸೈನಿಕನ ಮಾತು ಒಂದು ಬಗೆ. ಅವನಿಗೆ ಕೂಲಿ ಸಿಕ್ಕಿತು. ಬೀಡುಗಳಲ್ಲಿ ಪಿಯಾನೊ, ಗ್ರಾಮಫೋನು, ವೃತ್ತಪತ್ರಿಕೆ ಇದ್ದುವು. ೧೯೨೪ರಲ್ಲಿ ಕ್ಯಾಸಿನೊ ಎಂಬ ಹಡಗು ದಡಕ್ಕೆ ಸಿಕ್ಕಿಕೊಂಡು ತನ್ನ ಪೀಪಾಯಿಗಳನ್ನು ಕಡಲಿಗೆ ಎಸೆದಾಗ, ಕೆಲಸಗಾರರು ಅವನ್ನು ಹೆಕ್ಕಿಕೊಂಡು ಎರಡು ವಾರ ಕೆಲಸವನ್ನೇ ಮರೆತರೆಂದು ಆ ಕಡೆಯವರು ನಗುತ್ತ ಹೇಳುವರು. ತನ್ನ ಜೊತೆಗಾರರ ಸ್ಮಾರಕವನ್ನು ತಾನು ಕಟ್ಟುತ್ತಿದ್ದೇನೆಂಬ ಅರಿವೂ ಅವನಿಗಿತ್ತು. ಆದರೆ ಎಲ್ಲ ನೆರವುಗಳ ಕಥೆಯೂ ಇಷ್ಟು ಸೌಮ್ಯವಾಗಿಲ್ಲ. ಗಾಳಿಯ ಟೈರು ಬಂದ ಮೇಲೆ ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ರಬ್ಬರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಆಫ್ರಿಕದ ಕಾಂಗೊ ದೇಶವು ೧೮೮೫ರಿಂದ ೧೯೦೮ರ ವರೆಗೆ ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಆಸ್ತಿಯಾಗಿತ್ತು. ಅಲ್ಲಿ ಕಾಡುಬಳ್ಳಿಯ ರಬ್ಬರನ್ನು ತರುವಂತೆ ಹಳ್ಳಿಗರನ್ನು ಬಲಾತ್ಕರಿಸಿದರು, ಗೊತ್ತುಮಾಡಿದಷ್ಟು ತಾರದವರ ಹೆಂಡತಿಯರನ್ನು ಒತ್ತೆಹಿಡಿದರು, ಹಳ್ಳಿಗಳನ್ನು ಸುಟ್ಟರು, ಕೈಗಳನ್ನು ಕತ್ತರಿಸಿದರು. ಅದೇ ಕಾಲದಲ್ಲಿ ಯುರೋಪಿನ ನಗರಗಳಲ್ಲಿ ಸ್ತ್ರೀಪುರುಷರು ಭಾನುವಾರದ ಬಿಸಿಲಿನಲ್ಲಿ ಹೊಸ ಸೈಕಲ್ಲುಗಳ ಮೇಲೆ ವಿಹಾರ ಹೋಗುತ್ತಿದ್ದರು. ಅವರಲ್ಲಿ ಬಹು ಮಂದಿಗೆ ಇದು ತಿಳಿಯದು. ತಿಳಿಯದಿದ್ದ ಮಾತ್ರಕ್ಕೆ ಚಕ್ರದ ಕೆಳಗಿನ ರಬ್ಬರು ಬೇರೆಯದಾಗಲಿಲ್ಲ.

ಈ ಸಂಗತಿಯನ್ನು ಎದುರಿಗಿಟ್ಟುಕೊಂಡರೆ, ‘ಎಲ್ಲರೂ ಎಲ್ಲರ ನೆರವಿನಿಂದ ಬಾಳುವರು’ ಎಂಬ ಸವಿಮಾತು ಸಾಲದೆಂದು ತಿಳಿಯುತ್ತದೆ. ನೆರವು ಎಂಬ ಒಂದೇ ಹೆಸರಿನೊಳಗೆ ಮೂರು ಬೇರೆ ಬೇರೆ ವಸ್ತುಗಳು ಅಡಗಿವೆ. ಮನಸ್ಸಿನಿಂದ ಕೊಟ್ಟದ್ದು ಒಂದು, ಬೆಲೆಗೆ ಕೊಟ್ಟದ್ದು ಇನ್ನೊಂದು, ಕಿತ್ತುಕೊಂಡದ್ದು ಮೂರನೆಯದು. ಮೊದಲನೆಯದಕ್ಕೆ ಕೃತಜ್ಞತೆ ಸಲ್ಲುತ್ತದೆ. ಎರಡನೆಯದಕ್ಕೆ ನ್ಯಾಯವಾದ ಬೆಲೆಯೂ ಅದರ ಮೇಲೆ ಕೃತಜ್ಞತೆಯೂ ಸಲ್ಲುತ್ತವೆ. ಮೂರನೆಯದಕ್ಕೆ ಕೃತಜ್ಞತೆಯನ್ನು ಸಲ್ಲಿಸುವುದು ಅಪಚಾರ. ಸುಲಿಗೆಗೆ ಸಿಕ್ಕವನಿಗೆ ‘ನಿನ್ನ ಉಪಕಾರ ದೊಡ್ಡದು’ ಎಂದರೆ ಅವನ ಗಾಯಕ್ಕೆ ಉಪ್ಪು ಸವರಿದಂತೆ. ಅಲ್ಲಿ ಸಲ್ಲಬೇಕಾದುದು ಅನ್ಯಾಯವನ್ನು ಅರಿಯುವುದು, ಅದನ್ನು ನಿಲ್ಲಿಸುವುದು. ಆದುದರಿಂದ ನೆರವನ್ನು ಪಡೆದವನ ಮೊದಲನೆಯ ಕರ್ತವ್ಯ ವಂದನೆಯಲ್ಲ, ವಿಚಾರಣೆ. ಇದು ಯಾರಿಂದ ಬಂದಿತು, ಹೇಗೆ ಬಂದಿತು, ಅವರು ಮನಸ್ಸಿನಿಂದ ಕೊಟ್ಟರೋ, ಕೊಡದೆ ಇರಲು ಅವರಿಗೆ ದಾರಿಯಿತ್ತೋ ಎಂದು ಕೇಳದೆ ಆಡಿದ ಧನ್ಯವಾದವು ಬಾಯಿಯ ಮಾತು.

ಅಣಕದ ಪ್ರಶ್ನೆಗೂ ಇಲ್ಲಿಯೇ ಉತ್ತರ ಸಿಕ್ಕುತ್ತದೆ. ಏಕಾದಶಿಯಂದು ಉಪವಾಸ ಮಾಡುವವನು ಅನ್ನವಿಲ್ಲದವನನ್ನು ಅಣಕಿಸುವನೆ? ಉಪವಾಸದ ಮರುದಿನ ಬಾಗಿಲಿಗೆ ಬಂದ ಹಸಿದವನನ್ನು ಅವನು ಗದರಿಸಿ ಕಳುಹಿಸಿದರೆ, ಹೌದು, ಅವನ ವ್ರತವು ಅಣಕವೇ. ಹಸಿವೆಂದರೇನೆಂದು ಒಂದು ದಿನವಾದರೂ ಹೊಟ್ಟೆಯಿಂದ ತಿಳಿದು, ಮರುದಿನ ಅವನ ಕೈ ಮೃದುವಾದರೆ, ಅದು ಅಣಕವಲ್ಲ, ಪಾಠ. ಆರಿಸಿಕೊಂಡ ಕಷ್ಟಕ್ಕೆ ತನ್ನಷ್ಟಕ್ಕೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಬಂದೊದಗಿದ ಕಷ್ಟಕ್ಕೆ ತಾನು ಸಮಾನವೆಂದು ಅದು ಹೇಳಿಕೊಂಡರೆ ಸುಳ್ಳಾಗುತ್ತದೆ. ಬಂದೊದಗಿದ ಕಷ್ಟದ ಕಡೆಗೆ ಕಣ್ಣು ತೆರೆಯಿಸಿದರೆ ಸಾರ್ಥಕವಾಗುತ್ತದೆ. ಬೆವರು ಸುರಿಸುತ್ತ ಬಂಡೆಯ ಮಗ್ಗುಲಿನಲ್ಲಿ ಏರುವವನು, ಈ ಬಂಡೆಯನ್ನು ಕಡಿದವನ ತೋಳು ಹೇಗೆ ನೊಂದಿರಬೇಕೆಂದು ಒಂದು ಸಲ ನೆನೆದನಾದರೆ, ಮೋಟಾರಿನಲ್ಲಿ ಅದೇ ತಿರುವನ್ನು ಅರೆಗಳಿಗೆಯಲ್ಲಿ ದಾಟಿದವನಿಗೆ ದೊರೆಯದ ತಿಳಿವು ಅವನಿಗೆ ದೊರೆಯಿತು.

೫

ಇನ್ನು ಶುಲ್ಕದ ಮಾತು. ಸವಾರನು ಹಣ ಕೊಟ್ಟಿದ್ದಾನೆ. ಲಾರಿಯವನಿಗೂ ಅಡಿಗೆಯವನಿಗೂ ಸಲ್ಲಬೇಕಾದುದು ಸಂದಿದೆ. ಆದ ಮೇಲೆ ಋಣವೆಲ್ಲಿ ಉಳಿಯಿತು ಎಂದು ಲೆಕ್ಕ ಬಲ್ಲವರು ಕೇಳುವರು. ಬೆಲೆಗೂ ಋಣಕ್ಕೂ ಇರುವ ಭೇದವನ್ನು ಅವರು ಮರೆತಿದ್ದಾರೆ. ಬೆಲೆಯು ವಸ್ತುವಿಗೆ; ಋಣವು ಮನುಷ್ಯನಿಗೆ. ಬೆಳಗಿನ ಚಳಿಯಲ್ಲಿ ಸಾವಿರಾರು ಜನರಿಗೆ ಗಂಜಿ ಬೇಯಿಸಲು ಇರುಳಿನಲ್ಲಿಯೇ ಎದ್ದವನ ಕೂಲಿಯನ್ನು ತೀರಿಸಬಹುದು. ಅವನು ಎದ್ದನೆಂಬುದನ್ನು ತೀರಿಸಲಾಗದು. ಮನುಷ್ಯನು ಹುಟ್ಟುತ್ತಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿಯೆಂದು ಹೇಳಿದ ವೈದಿಕರು ಅದರ ಜೊತೆಗೆ ಮನುಷ್ಯಋಣವನ್ನೂ ಎಣಿಸಿದ್ದಾರೆ. ಅತಿಥಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಅದನ್ನು ಸಲ್ಲಿಸಬೇಕೆಂದಿದ್ದಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಯಾರಿಂದ ಪಡೆದೆವೋ ಅವರಿಗೇ ಹಿಂದಿರುಗಿಸಬೇಕೆಂದು ಇಲ್ಲ. ಬಿಸಿಲುಗಾಲದ ದಾರಿಯಲ್ಲಿ ಅರವಟ್ಟಿಗೆಯ ನೀರು ಕುಡಿದವನು ಅದನ್ನು ಇಟ್ಟವನ ಹೆಸರನ್ನೂ ಅರಿಯದೆ ಮುಂದೆ ಹೋಗುತ್ತಾನೆ. ಅವನು ಆ ಋಣವನ್ನು ತೀರಿಸುವುದು ತನ್ನ ಊರಿನ ದಾರಿಯಲ್ಲಿ ಇನ್ನೊಂದು ಅರವಟ್ಟಿಗೆಯನ್ನು ಇಟ್ಟು. ಕಡಲದಾರಿಯನ್ನು ಕಡಿದ ಸೈನಿಕರಲ್ಲಿ ಯಾರೂ ಇಂದು ಬದುಕಿಲ್ಲ. ಅವರಿಗೆ ಸಲ್ಲಬೇಕಾದುದು ಮುಂದೆ ಬರುವವರಿಗೆ ಮಾತ್ರ ಸಲ್ಲಬಹುದು.

ಇಂಥ ಪ್ರವಾಸಗಳಲ್ಲಿ ಒಂದು ವರ್ಷ ಸವಾರರಾಗಿ ಬಂದವರು ಮತ್ತೊಂದು ವರ್ಷ ಸ್ವಯಂಸೇವಕರಾಗಿ ಬಂದು ತಿರುವಿನಲ್ಲಿ ನಿಂತು ದಾರಿ ತೋರುವುದುಂಟು, ಚೀಲ ಇಳಿಸುವುದುಂಟು. ಅವರನ್ನು ಯಾರೂ ಬಲಾತ್ಕರಿಸಿಲ್ಲ. ತಾವು ತಿಂದ ಅನ್ನದ ಹಿಂದೆ ಒಂದು ಕೈ ಇತ್ತೆಂದು ಕಂಡವರಿಗೆ ಆ ಕೈಯಾಗಬೇಕೆಂಬ ಬಯಕೆ ಸಹಜವಾಗಿ ಹುಟ್ಟುತ್ತದೆ.

ಕೊನೆಯದಾಗಿ, ಎಲ್ಲರ ಹಿಂದೆ ಬರುವ ಆ ಬಂಡಿ. ಅದನ್ನು ಹತ್ತುವುದೆಂದರೆ ಸವಾರನಿಗೆ ಮರಣದಷ್ಟು ಅವಮಾನ. ಮಂಡಿ ನೋಯುತ್ತಿದೆ, ಮಳೆ ಹೊಡೆಯುತ್ತಿದೆ, ಎದುರುಗಾಳಿಯಲ್ಲಿ ಸೈಕಲ್ಲು ನಿಂತಲ್ಲೇ ನಿಂತಂತಿದೆ. ಆದರೂ ‘ನಾನು ಹತ್ತಲಾರೆ’ ಎನ್ನುತ್ತಾನೆ. ಈ ಹಟದಲ್ಲಿ ಒಂದು ಭಾಗ ಧೈರ್ಯ, ಅದನ್ನು ಹಳಿಯಬಾರದು. ಆದರೆ ಇನ್ನೊಂದು ಭಾಗ, ನೆರವನ್ನು ಪಡೆದರೆ ತಾನು ಕುಗ್ಗುವೆನೆಂಬ ಭಯ. ಅದೇ ಸವಾರನು ಬೆಳಗಿನಿಂದ ನೂರು ನೆರವುಗಳನ್ನು ನಾಚದೆ ಪಡೆದಿದ್ದಾನೆ. ಈ ನೂರೊಂದನೆಯದು ಎಲ್ಲರ ಕಣ್ಣಿಗೆ ಬೀಳುವುದೆಂಬ ಒಂದೇ ಕಾರಣಕ್ಕೆ ನಾಚುತ್ತಾನೆ. ಹಾಗಾದರೆ ಅವನು ಕಾಪಾಡಿಕೊಳ್ಳುತ್ತಿರುವುದು ಸ್ವಾವಲಂಬನೆಯನ್ನಲ್ಲ, ಸ್ವಾವಲಂಬನೆಯ ತೋರಿಕೆಯನ್ನು. ಮನೆಗಳಲ್ಲಿಯೂ ಇದನ್ನು ಕಾಣಬಹುದು. ಜೀವಮಾನವೆಲ್ಲ ಪತ್ನಿಯ ದುಡಿಮೆಯಿಂದ ಉಂಡು ಉಟ್ಟ ಯಜಮಾನರು, ಮುಪ್ಪಿನಲ್ಲಿ ಮಗನ ತೋಳನ್ನು ಹಿಡಿದು ಮೆಟ್ಟಿಲಿಳಿಯಲು ಒಲ್ಲೆನೆಂದು ಬಿದ್ದು ಕಾಲು ಮುರಿದುಕೊಳ್ಳುವುದುಂಟು. ‘ಯಾರಿಗೂ ಭಾರವಾಗಬಾರದು’ ಎಂಬುದು ಅವರ ಮಾತು. ಭಾರವಾಗದ ದಿನವು ಅವರ ಬಾಳಿನಲ್ಲಿ ಒಂದೂ ಇರಲಿಲ್ಲ. ಭಾರವನ್ನು ಹೊತ್ತವರು ಸುಮ್ಮನೆ ಹೊತ್ತುದರಿಂದ ಅದು ಅವರಿಗೆ ಕಾಣಲಿಲ್ಲ, ಅಷ್ಟೇ.

ಕೊಡುವುದನ್ನು ಧರ್ಮವೆಂದು ಎಲ್ಲರೂ ಹೊಗಳುವರು. ತಕ್ಕ ಸಮಯದಲ್ಲಿ, ತಕ್ಕ ಮನಸ್ಸಿನಿಂದ, ತೆಗೆದುಕೊಳ್ಳುವುದೂ ಧರ್ಮವೇ. ಅಭಿಮಾನಿಗೆ ಅದು ಕೊಡುವುದಕ್ಕಿಂತ ಕಷ್ಟ. ತೆಗೆದುಕೊಳ್ಳಲಾರದವನು ಕೊಡುವಾಗಲೂ ಮೇಲಿನ ಮೆಟ್ಟಿಲಿನಲ್ಲಿ ನಿಂತು ಕೊಡುತ್ತಾನೆ. ಒಮ್ಮೆ ಆ ಹಿಂದಿನ ಬಂಡಿಯಲ್ಲಿ ಕುಳಿತು, ತಾನು ಸೋತ ಏರನ್ನು ಒಬ್ಬ ಹುಡುಗಿಯು ಹಲ್ಲು ಕಚ್ಚಿ ಏರುವುದನ್ನು ಕಿಟಕಿಯಿಂದ ನೋಡಿ, ಮತ್ಸರವಿಲ್ಲದೆ ಅವಳಿಗೆ ಕೈಬೀಸಬಲ್ಲವನು, ಮರುದಿನ ಸೈಕಲ್ಲು ಹತ್ತಿದಾಗ ಮೊದಲಿಗಿಂತ ಹಗುರವಾದ ಸವಾರನಾಗಿರುತ್ತಾನೆ.

೬

ನೆರೆಯವನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹೊರೆ ಯಾರದು? ಬಹು ಜನರದು. ಕೆಲವರು ಕಂಡವರು, ಹೆಚ್ಚಿನವರು ಕಾಣದವರು; ಕೆಲವರು ಮನಸ್ಸಿನಿಂದ ಹೊತ್ತವರು, ಕೆಲವರು ಹೊರಿಸಿದ್ದರಿಂದ ಹೊತ್ತವರು. ಯಾತ್ರೆ ಯಾರದು? ಅದರಲ್ಲಿ ಒಂದು ಪಾಲು ಸವಾರನದು. ಚಿಕ್ಕದಾದರೂ ನಿಜವಾದ ಪಾಲು, ಇನ್ನಾರಿಂದಲೂ ಆಗದ ಪಾಲು. ಆ ಪಾಲನ್ನು ಪೂರ್ತಿಯಾಗಿ ಸಲ್ಲಿಸುವುದು ಅವನ ಮರ್ಯಾದೆ. ಉಳಿದ ಪಾಲುಗಳು ಯಾರವೆಂದು ಕೇಳಿ ತಿಳಿಯುವುದು ಅವನ ಪ್ರಾಮಾಣಿಕತೆ. ತಿಳಿದಂತೆ ನಡೆಯುವುದು ಅವನ ಧರ್ಮ. ಮನೆಗೆ ಬಂದು ‘ದಾಟಿದೆನು’ ಎಂದು ಹೇಳುವ ಹಕ್ಕು ಅವನಿಗುಂಟು; ‘ದಾಟಿಸಿದರು’ ಎಂದು ಸೇರಿಸುವ ಹೊಣೆಯೂ ಅವನಿಗುಂಟು.

ಈಸ್ಟರ್ನ್ ವ್ಯೂ ಎಂಬಲ್ಲಿ, ಹಿಂದೆ ಸುಂಕ ವಸೂಲುಮಾಡುತ್ತಿದ್ದ ಸ್ಥಳದಲ್ಲಿ, ರಸ್ತೆಗೆ ಅಡ್ಡವಾಗಿ ಮರದ ಕಮಾನೊಂದು ನಿಂತಿದೆ. ೧೯೩೬ರಲ್ಲಿ ರಸ್ತೆಯು ಸರ್ಕಾರದ ಕೈಗೆ ಬಂದಾಗ ಸುಂಕವು ನಿಂತಿತು. ಕಮಾನು ೧೯೮೩ರ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿದರು. ದೂರದ ಸುಣ್ಣಕಲ್ಲಿನ ಕಂಬಗಳಲ್ಲಿ ಒಂದು ೨೦೦೫ರ ಜುಲೈಯಲ್ಲಿ ಕ್ಷಣಮಾತ್ರದಲ್ಲಿ ಕುಸಿದು ಕಡಲಿನ ಪಾಲಾಯಿತು. ಅದನ್ನು ಯಾರೂ ಮತ್ತೆ ಕಟ್ಟಲಾರರು. ನೋಡಲು ಬಂದ ಸೊಬಗು ಒಂದೊಂದಾಗಿ ಬೀಳುತ್ತಿದೆ. ನೋಡುವುದಕ್ಕೆ ದಾರಿಮಾಡಿಕೊಟ್ಟವರ ಗುರುತನ್ನು ಮಾತ್ರ ಜನರು ಬಿದ್ದಾಗಲೆಲ್ಲ ಎತ್ತಿ ನಿಲ್ಲಿಸುತ್ತಿದ್ದಾರೆ. ಆ ಕಮಾನಿನ ಕೆಳಗೆ ಸವಾರರು ಹಾಯುವಾಗ ಇಂದು ಸುಂಕ ಕೇಳುವವರಿಲ್ಲ. ಸುಂಕವಿಲ್ಲವೆಂದು ಋಣವೂ ಇಲ್ಲವೆಂದು ತಿಳಿಯದವನೇ ಆ ದಾರಿಯಲ್ಲಿ ನಿಜವಾಗಿ ಹೋದವನು.